ಆದೇಶ ಸಂಧಿ ಮತ್ತು ಹತ್ತಿ ಹೊಲದ ಎಣ್ಣಿ

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಾನು ಮಸರಕಲ್ಲಿನವಳು. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಬಿ.ಎಡ್. ಓದುವಾಗಲೂ ನನ್ನ ಬೋಧನಾ ವಿಷಯಗಳು ಭಾಷೆಗಳೇ. ಹಾಗಿದ್ದೂ ಇಂದು ನಾನು ಆರಿಸಿಕೊಂಡಿರುವ ವಿಷಯ ರಸಾಯನಶಾಸ್ತ್ರದ 'ನ್ಯೂಕ್ಲಿಯೋಫಿಲಿಕ್ ಆದೇಶನ ಕ್ರಿಯೆ'. ಭಾಷೆಯ ಟೀಚರಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯೊಳಗೇ ಇದೆ.

ನನ್ನ ಅಕ್ಕನ ಮಗಳು ಹತ್ತನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದಳು. ಅಲ್ಲಿ ಎಲ್ಲವೂ ಇಂಗ್ಲಿಷ್. ದ್ವಿತೀಯ ವರ್ಷದ ಹ್ಯಾಲೋಆಲ್ಕೇನ್ ಪಾಠವನ್ನು ರಾತ್ರಿ ಹನ್ನೊಂದರವರೆಗೆ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಒಂದು ದಿನ, "ಬೇಟಾ, ಇದರ ಅರ್ಥ ಏನು?" ಎಂದು ಕೇಳಿದೆ. "ಅರ್ಥ ಗೊತ್ತಿಲ್ಲ ಖಾಲಾ, ಪರೀಕ್ಷೆಗೆ ಬರ್ತದ" ಎಂದಳು. ಆ ಉತ್ತರ ನನ್ನ ಮನಸ್ಸನ್ನು ಚುಚ್ಚಿತು. ಪರಿಚಯದ ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕರನ್ನು ಕೇಳಿಕೊಂಡೆವು. ಕೆಲವು ಭಾನುವಾರ ಇಬ್ಬರೂ ಅವರ ಮನೆಗೆ ಹೋಗಿ ಕುಳಿತೆವು. ಅಲ್ಲಿ ಕಲಿತದ್ದನ್ನು ನನ್ನ ಮಾತಿನಲ್ಲಿ ನಿಮ್ಮ ಮುಂದಿಡುತ್ತೇನೆ. ತಪ್ಪಿದ್ದರೆ ವಿಜ್ಞಾನ ಶಿಕ್ಷಕರು ತಿದ್ದಬೇಕು.

ಮೊದಲು ಹೆಸರನ್ನು ನೋಡೋಣ. ಕನ್ನಡ ವ್ಯಾಕರಣದಲ್ಲಿ ನಾವು ಮಕ್ಕಳಿಗೆ ಮೂರು ಸಂಧಿ ಕಲಿಸುತ್ತೇವೆ. ಒಂದು ಅಕ್ಷರ ಬಿಟ್ಟು ಹೋದರೆ ಲೋಪ, ಹೊಸದೊಂದು ಬಂದು ಸೇರಿದರೆ ಆಗಮ, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುತ್ತದೆ; ಕಕಾರ ಹೋಯಿತು, ಗಕಾರ ಬಂತು. ಸಾವಯವ ರಸಾಯನಶಾಸ್ತ್ರದಲ್ಲೂ ಇದೇ ಮೂರು ಬಗೆಯ ಕ್ರಿಯೆಗಳಿವೆ. ಅಣುವಿನಿಂದ ಒಂದು ಭಾಗ ಕಳಚಿ ಹೋಗುವುದು, ಒಂದು ಭಾಗ ಬಂದು ಕೂಡುವುದು, ಒಂದರ ಜಾಗಕ್ಕೆ ಇನ್ನೊಂದು ಬರುವುದು. ಮೂರನೆಯದಕ್ಕೆ ಕನ್ನಡ ಪಠ್ಯಪುಸ್ತಕ ಇಟ್ಟಿರುವ ಹೆಸರು 'ಆದೇಶನ ಕ್ರಿಯೆ'. ಎಂಟನೇ ತರಗತಿಯ ಮಗುವಿಗೆ ಗೊತ್ತಿರುವ ಮಾತೇ ಇದು.

ಇನ್ನು 'ನ್ಯೂಕ್ಲಿಯೋಫೈಲ್'. 1933ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಇಂಗೋಲ್ಡ್ ಬಳಕೆಗೆ ತಂದ ಪದ. 'ಫೈಲ್' ಎಂಬುದು ಪ್ರೀತಿ ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದದ್ದು. ಪರಮಾಣುವಿನ ನಡುವೆ ಧನ ವಿದ್ಯುದಂಶದ ನ್ಯೂಕ್ಲಿಯಸ್ ಇರುತ್ತದಲ್ಲ, ಅದನ್ನು ಹುಡುಕಿಕೊಂಡು ಹೋಗುವವನೇ ನ್ಯೂಕ್ಲಿಯೋಫೈಲ್. ಉರ್ದುವಿನಲ್ಲಿ ಹೇಳುವುದಾದರೆ ನ್ಯೂಕ್ಲಿಯಸ್ಸಿನ ದೋಸ್ತ್. ಇವನ ಕೈಯಲ್ಲಿ ಹಂಚಿಕೊಳ್ಳಲು ಒಂದು ಜೋಡಿ ಎಲೆಕ್ಟ್ರಾನ್ ಇರುತ್ತದೆ. ನೀರು, ಅಮೋನಿಯ, ಹೈಡ್ರಾಕ್ಸೈಡ್ ಎಲ್ಲ ಈ ಜಾತಿಯವು. ಹೈಡ್ರಾಕ್ಸೈಡ್ ಎಂದರೆ ಕ್ಷಾರದ ಜೀವ. ಕ್ಷಾರಕ್ಕೆ ಇಂಗ್ಲಿಷಿನಲ್ಲಿರುವ 'ಆಲ್ಕಲಿ' ಎಂಬ ಹೆಸರು ಅರಬ್ಬಿ ಮೂಲದ್ದು. ಅಲ್ಲಿ ಅದು ಗಿಡ ಸುಟ್ಟು ತೆಗೆದ ಬೂದಿಯ ಹೆಸರು.

ಈಗ ಕ್ರಿಯೆ ಹೇಗೆ ನಡೆಯುತ್ತದೆ ನೋಡಿ. ಬ್ರೋಮೋಮೀಥೇನ್ ಎಂಬ ಅಣುವಿನಲ್ಲಿ ಒಂದು ಕಾರ್ಬನ್ನಿಗೆ ಮೂರು ಹೈಡ್ರೋಜನ್, ಒಂದು ಬ್ರೋಮೀನ್ ಅಂಟಿಕೊಂಡಿವೆ. ಬ್ರೋಮೀನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಕಾರ್ಬನ್ನಿಗೆ ಸ್ವಲ್ಪ ಕೊರತೆ. ಆ ಕೊರತೆಯ ಜಾಗಕ್ಕೆ ಹೈಡ್ರಾಕ್ಸೈಡ್ ಬರುತ್ತದೆ, ಬ್ರೋಮೈಡ್ ಹೊರಟು ಹೋಗುತ್ತದೆ, ಮೀಥನಾಲ್ ಉಳಿಯುತ್ತದೆ.

ನಮ್ಮ ಉಪನ್ಯಾಸಕರು ಇದಕ್ಕೆ ಬಸ್ಸಿನ ಹೋಲಿಕೆ ಕೊಟ್ಟರು. ಸಂತೆ ದಿನ ದೇವದುರ್ಗದ ಕಡೆ ಹೋಗುವ ಎರಡು ಬಾಗಿಲಿನ ಬಸ್ಸನ್ನು ನೆನೆಸಿಕೊಳ್ಳಿ. ಕಾಲಿಡಲು ಜಾಗವಿಲ್ಲ. ಹಿಂದಿನ ಬಾಗಿಲಲ್ಲಿ ಒಬ್ಬರು ನುಗ್ಗಿದರೆ ಆ ಒತ್ತಡಕ್ಕೆ ಮುಂದಿನ ಬಾಗಿಲಲ್ಲಿ ನಿಂತವರು ಇಳಿಯಬೇಕು. ಹತ್ತುವುದು, ಇಳಿಯುವುದು ಒಂದೇ ಗಳಿಗೆಯಲ್ಲಿ. ಇದು ಎಸ್‌ಎನ್2. ಹತ್ತುವವರು, ಬಸ್ಸಿನಲ್ಲಿರುವವರು ಇಬ್ಬರೂ ಸೇರಿ ವೇಗವನ್ನು ನಿರ್ಧರಿಸುವುದರಿಂದ ಅದಕ್ಕೆ 'ಎರಡು' ಎಂಬ ಅಂಕಿ. ಇನ್ನೊಂದು ಬಗೆಯಲ್ಲಿ, ಸೀಟಿನವರು ತಾವಾಗಿಯೇ ಮೊದಲು ಇಳಿದು ಹೋಗುತ್ತಾರೆ. ಖಾಲಿ ಸೀಟಿಗೆ ಆಮೇಲೆ ಯಾವ ಬಾಗಿಲಿನಿಂದಾದರೂ ಒಬ್ಬರು ಬಂದು ಕೂರುತ್ತಾರೆ. ಇದು ಎಸ್‌ಎನ್1. ಇಲ್ಲಿ ತಡವಾಗುವುದು ಇಳಿಯುವವರಿಂದ, ಬರುವವರಿಂದಲ್ಲ. ಹಿಂದಿನ ಬಾಗಿಲಲ್ಲಿ ದೊಡ್ಡ ಗಂಟುಮೂಟೆ ಇದ್ದರೆ ಯಾರೂ ನುಗ್ಗಲಾರರು. ಕಾರ್ಬನ್ನಿನ ಸುತ್ತ ಮೂರು ದೊಡ್ಡ ಗುಂಪುಗಳಿದ್ದಾಗ ಎಸ್‌ಎನ್2 ನಡೆಯದಿರುವುದು ಇದೇ ಕಾರಣಕ್ಕೆ.

ಆದರೆ ಹಿಂದಿನ ಬಾಗಿಲೇ ಯಾಕೆ? ನಮ್ಮ ಹುಡುಗಿ ಕೇಳಿದ ಈ ಪ್ರಶ್ನೆಗೆ ಉತ್ತರ ಕಕ್ಷಕಗಳಲ್ಲಿದೆ. ಕಕ್ಷಕ ಎಂದರೆ ಎಲೆಕ್ಟ್ರಾನ್ ಇರಬಹುದಾದ ಜಾಗ. ಒಂದರಲ್ಲಿ ಎರಡಕ್ಕಿಂತ ಹೆಚ್ಚಿಗೆ ಎಡೆಯಿಲ್ಲ. ಅಣುವಿನಲ್ಲಿ ತುಂಬಿದ ಕಕ್ಷಕಗಳೂ ಇರುತ್ತವೆ, ಖಾಲಿ ಕಕ್ಷಕಗಳೂ ಇರುತ್ತವೆ. ತುಂಬಿದವುಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಹೋಮೋ ಎಂದೂ, ಖಾಲಿಯವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ ಲೂಮೋ ಎಂದೂ ಹೆಸರು. ಬರುವವನ ಹೋಮೋ, ಇರುವವನ ಲೂಮೋ ಇವೆರಡರ ಭೇಟಿಯೇ ಕ್ರಿಯೆ. ಶಕ್ತಿಯ ಮಟ್ಟದಲ್ಲಿ ಅವು ಹತ್ತಿರವಿದ್ದಷ್ಟೂ, ಆಕಾರದಲ್ಲಿ ಹೊಂದಿದಷ್ಟೂ ಭೇಟಿ ಗಟ್ಟಿ. ಜಪಾನಿನ ಕೆನಿಚಿ ಫುಕುಯಿ 1952ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಅವರಿಗೂ ಅಮೆರಿಕದ ರೋಆಲ್ಡ್ ಹಾಫ್‌ಮನ್ ಅವರಿಗೂ 1981ರಲ್ಲಿ ನೊಬೆಲ್ ಬಹುಮಾನ ಬಂತು.

ಕಾರ್ಬನ್ ಮತ್ತು ಬ್ರೋಮೀನ್ ನಡುವಿನ ಬಂಧಕ್ಕೆ ಸೇರಿದ ಖಾಲಿ ಕಕ್ಷಕವೊಂದಿದೆ. ಅದರ ದೊಡ್ಡ ಹಾಲೆ ಬ್ರೋಮೀನಿಗೆ ನೇರ ವಿರುದ್ಧವಾಗಿ, ಕಾರ್ಬನ್ನಿನ ಬೆನ್ನ ಹಿಂದೆ ಚಾಚಿರುತ್ತದೆ. ಎಲೆಕ್ಟ್ರಾನ್ ಜೋಡಿ ಬಂದು ಸೇರಲು ಒಳ್ಳೆಯ ದಾರಿ ಅದೇ. ಆ ಕಕ್ಷಕದ ಗುಣವೇನೆಂದರೆ, ಅದರೊಳಗೆ ಎಲೆಕ್ಟ್ರಾನ್ ತುಂಬಿದಂತೆ ಹಳೆಯ ಬಂಧ ಸಡಿಲವಾಗುತ್ತದೆ. ಹೊಸ ನಂಟು ಬೆಸೆಯುವ ಕೆಲಸವೇ ಹಳೆಯ ನಂಟು ಕಳಚುವ ಕೆಲಸವೂ ಹೌದು. ಆ ಹೊತ್ತಿನಲ್ಲಿ ಉಳಿದ ಮೂರು ಕೈಗಳು ಬಿರುಗಾಳಿಗೆ ಕೊಡೆ ತಿರುವಿಕೊಂಡಂತೆ ಆಚೆ ಕಡೆಗೆ ಬಾಗುತ್ತವೆ. ಇಂಥ ತಿರುವನ್ನು ಪಾಲ್ ವಾಲ್ಡನ್ 1896ರಲ್ಲೇ ಗಮನಿಸಿದ್ದರು. ಅದು ಹೇಗಾಗುತ್ತದೆಂದು ಬಿಡಿಸಿ ಹೇಳಿದವರು 1930ರ ದಶಕದಲ್ಲಿ ಇಂಗೋಲ್ಡ್ ಮತ್ತು ಹ್ಯೂಸ್.

ಎಲ್ಲ ಗುಂಪೂ ಸುಲಭವಾಗಿ ಜಾಗ ಬಿಡುವುದಿಲ್ಲ. ಋಣ ವಿದ್ಯುದಂಶ ಹೊತ್ತು ಒಂಟಿಯಾಗಿ ಆರಾಮ ಇರಬಲ್ಲವರು ಮಾತ್ರ ಬೇಗ ಹೊರಡುತ್ತಾರೆ. ಬ್ರೋಮೈಡ್, ಅಯೋಡೈಡ್ ಹಾಗಿರುವವು. ಫ್ಲೋರೈಡ್ ಕಾರ್ಬನ್ನನ್ನು ಬಿಡಲು ಒಪ್ಪದು. ಇಷ್ಟು ತಿಳಿದರೆ ಪಾಠದ ತಿರುಳು ತಿಳಿದಂತೆ.

ಮೂರನೆಯ ಭಾನುವಾರ ಉಪನ್ಯಾಸಕರು ಮಾತಿನ ನಡುವೆ, "ಹತ್ತಿಗೆ ಹೊಡೆಯುವ ಎಣ್ಣಿ ಮನುಷ್ಯನ ಮೈಯಲ್ಲಿ ಮಾಡುವುದೂ ಇಂಥದೇ ಆದೇಶನ" ಎಂದರು. ನಮ್ಮ ಹುಡುಗಿ ಪೆನ್ನು ಕೆಳಗಿಟ್ಟಳು. "ಸರ್, ಅಬ್ಬಾಗೆ ಆದದ್ದು ಇದೇನಾ?" ಎಂದು ಕೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವಳ ಅಬ್ಬಾ, ಅಂದರೆ ನನ್ನ ಭಾವ, ಹತ್ತಿ ಬೆಳೆಯುವ ಸಣ್ಣ ರೈತರು. ಕೆಲವು ವರ್ಷಗಳ ಹಿಂದೆ ಹತ್ತಿ ಹೂವಿಗೆ ಬಂದ ಕಾಲದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಎಣ್ಣಿ ಹೊಡೆದರು. ಬೆನ್ನ ಮೇಲಿನ ಪಂಪು ಸೋರಿ ಅಂಗಿ ತೊಯ್ದಿತ್ತು. ಕೈ ಸರಿಯಾಗಿ ತೊಳೆಯದೆ ರೊಟ್ಟಿ ತಿಂದರು. ಮೂರು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಬಿಸಿಲು ಬಡಿದಿದೆ ಎಂದುಕೊಂಡು ನಾವು ಮಜ್ಜಿಗೆ ಕುಡಿಸಿ ನೆರಳಿನಲ್ಲಿ ಮಲಗಿಸಿದೆವು. ಅದೇ ತೊಯ್ದ ಅಂಗಿಯಲ್ಲೇ. ಉಸಿರಾಟ ಕಷ್ಟವಾದ ಮೇಲೆ, ಕತ್ತಲಾದ ನಂತರ, ಗಾಡಿ ಮಾಡಿಕೊಂಡು ರಾಯಚೂರಿಗೆ ಓಡಿದೆವು. ಡಾಕ್ಟರು ಮೂರೇ ಪ್ರಶ್ನೆ ಕೇಳಿದರು: ಯಾವ ಎಣ್ಣಿ? ಎಷ್ಟು ಹೊತ್ತಾಯಿತು? ಬಾಟಲಿ ತಂದಿದ್ದೀರಾ? ಓದಿದವಳು ನಾನೇ ಜೊತೆಗಿದ್ದೆ. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಭಾವ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಆ ಮೂರು ಪ್ರಶ್ನೆಗಳು ಯಾಕೆ ಅಷ್ಟು ಮುಖ್ಯವೆಂದು ನನಗೆ ತಿಳಿದದ್ದು ಮಾತ್ರ ಈ ಪಾಠ ಓದಿದ ಮೇಲೆ.

ನರದಿಂದ ಸ್ನಾಯುವಿಗೆ ಅಪ್ಪಣೆ ಹೋಗುವುದು ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಮೂಲಕ. ಅಪ್ಪಣೆ ಮುಟ್ಟಿದ ಕೂಡಲೇ ಅದನ್ನು ಒಡೆದು ಹಾಕಲು ಒಂದು ಕಿಣ್ವವಿದೆ, ಹೆಸರು ಅಸಿಟೈಲ್‌ಕೋಲಿನ್‌ಎಸ್ಟರೇಸ್. ಈ ಕಿಣ್ವದೊಳಗೆ ಸೆರೀನ್ ಎಂಬ ಭಾಗದ ಆಕ್ಸಿಜನ್ ನ್ಯೂಕ್ಲಿಯೋಫೈಲಿನ ಕೆಲಸ ಮಾಡುತ್ತದೆ. ಅದು ಅಸಿಟೈಲ್‌ಕೋಲಿನ್ ಮೇಲೆರಗಿ ಕೋಲಿನ್ ಭಾಗವನ್ನು ಹೊರಗಟ್ಟುತ್ತದೆ. ಆಮೇಲೆ ನೀರು ಬಂದು ಕಿಣ್ವವನ್ನು ಬಿಡಿಸುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಇದು ನಡೆಯುವುದರಿಂದಲೇ ನಾವು ಕೈ ಎತ್ತಬಲ್ಲೆವು, ಇಳಿಸಬಲ್ಲೆವು, ಉಸಿರಾಡಬಲ್ಲೆವು.

ಮೊನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದವು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು. ಇವುಗಳ ನಡುವೆ ಎಲೆಕ್ಟ್ರಾನ್ ಕೊರತೆಯ ಒಂದು ಫಾಸ್ಫರಸ್ ಇದೆ, ಪಕ್ಕದಲ್ಲಿ ಹೊರಡಲು ಸಿದ್ಧವಾಗಿ ನಿಂತ ಒಂದು ಗುಂಪಿದೆ. ಸೆರೀನ್ ಮೋಸ ಹೋಗಿ ಫಾಸ್ಫರಸ್ಸಿನ ಮೇಲೆರಗುತ್ತದೆ. ಹೊರಡುವ ಗುಂಪು ಹೊರಡುತ್ತದೆ. ಆದರೆ ಫಾಸ್ಫರಸ್ ಕಿಣ್ವಕ್ಕೆ ಅಂಟಿ ಕೂರುತ್ತದೆ, ನೀರಿನಿಂದ ಬೇಗ ಬಿಡಿಸಲಾಗದು. ಕಿಣ್ವ ನಿಂತಿತು, ಅಸಿಟೈಲ್‌ಕೋಲಿನ್ ತುಂಬಿತು. ಬೆವರು, ಜೊಲ್ಲು, ಕಣ್ಣೀರು, ವಾಂತಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಸ್ನಾಯು ಅದುರುವುದು, ಉಸಿರು ಕಟ್ಟುವುದು ಎಲ್ಲ ಅದರ ಫಲ. ಕೀಟ ಸಾಯುವುದೂ ಹೀಗೆಯೇ. ಕ್ಲೋರ್‌ಪೈರಿಫಾಸ್‌ನಂಥವು ಮೈಯೊಳಗೆ ಹೋಗಿ ಮಾರ್ಪಾಡಾದ ಮೇಲೆಯೇ ಪೂರ್ತಿ ವಿಷವಾಗುತ್ತವೆ. ಆದ್ದರಿಂದ ಹೊಲದಲ್ಲಿ ಚೆನ್ನಾಗಿದ್ದವರು ತಡವಾಗಿ ಕುಸಿಯಬಹುದು.

ಚಿಕಿತ್ಸೆಯಲ್ಲಿ ಮೊದಲ ಮದ್ದು ಅಟ್ರೋಪಿನ್. ಅದು ಹೆಚ್ಚಾದ ಅಸಿಟೈಲ್‌ಕೋಲಿನ್ನಿನ ಹಾವಳಿಯನ್ನು ತಡೆದು ಎದೆಯ ಒಳಗಿನ ಸ್ರಾವವನ್ನು ಒಣಗಿಸುತ್ತದೆ. ಆದರೆ ಅಂಟಿದ ಫಾಸ್ಫರಸ್ಸನ್ನು ಕೀಳುವ ಕೆಲಸ ಅದರದ್ದಲ್ಲ. ಅದಕ್ಕಾಗಿ 1950ರ ದಶಕದಲ್ಲಿ ಅಮೆರಿಕದ ಇರ್ವಿನ್ ವಿಲ್ಸನ್ ಮತ್ತು ಸಂಗಡಿಗರು ಪ್ರಾಲಿಡಾಕ್ಸಿಮ್ ಎಂಬ ಮದ್ದನ್ನು ರೂಪಿಸಿದರು. ಆಸ್ಪತ್ರೆಗಳಲ್ಲಿ ಅದನ್ನು 'ಪ್ಯಾಮ್' ಎನ್ನುತ್ತಾರೆ. ಅದು ಸೆರೀನಿಗಿಂತ ಚುರುಕಾದ ನ್ಯೂಕ್ಲಿಯೋಫೈಲ್. ಅದರ ಧನ ವಿದ್ಯುದಂಶದ ಭಾಗ ಕಿಣ್ವದೊಳಗೆ ಕೋಲಿನ್ ಕೂರುವ ಜಾಗದಲ್ಲಿ ಕೂರುತ್ತದೆ, ಇನ್ನೊಂದು ತುದಿಯ ಆಕ್ಸಿಜನ್ ಫಾಸ್ಫರಸ್ ಮೇಲೆರಗುತ್ತದೆ, ಸೆರೀನ್ ಬಿಡುಗಡೆಯಾಗುತ್ತದೆ. ವಿಷ ಬಂದ ದಾರಿಯಲ್ಲೇ ಮದ್ದೂ ಬರುತ್ತದೆ. ಎರಡೂ ಆದೇಶನವೇ.

ಆದರೆ ಹೊತ್ತು ಕಾಯುವುದಿಲ್ಲ. ಅಂಟಿ ಕುಳಿತ ಫಾಸ್ಫರಸ್ ಸ್ವಲ್ಪ ಸಮಯದಲ್ಲಿ ತನ್ನ ಇನ್ನೊಂದು ಕೈಯ ಗುಂಪನ್ನು ಕಳಚಿಕೊಂಡು ಋಣ ವಿದ್ಯುದಂಶ ಪಡೆಯುತ್ತದೆ. ಎಲೆಕ್ಟ್ರಾನ್ ಹೊತ್ತು ಬರುವ ದೋಸ್ತನನ್ನು ಆಮೇಲೆ ಅದು ಹತ್ತಿರ ಸೇರಿಸದು. ಇದಕ್ಕೆ ಕಿಣ್ವದ 'ಮುಪ್ಪು' ಎನ್ನಬಹುದು. ಮೊನೋಕ್ರೋಟೋಫಾಸ್‌ನಂಥ ಮೀಥೈಲ್ ಗುಂಪಿನವುಗಳಲ್ಲಿ ಅಂಟಿದ ಕಿಣ್ವದ ಅರ್ಧಭಾಗ ಸುಮಾರು 3.7 ಗಂಟೆಯಲ್ಲಿ ಮುಪ್ಪಾಗುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಈಥೈಲ್ ಗುಂಪಿನವುಗಳಲ್ಲಿ ಸುಮಾರು 33 ಗಂಟೆ. ಇದು ಪ್ರಯೋಗಶಾಲೆಯ ಅಳತೆ. ಯಾವ ಎಣ್ಣಿ, ಎಷ್ಟು ಹೊತ್ತು ಎಂದು ಡಾಕ್ಟರು ಕೇಳಿದ್ದರ ಅರ್ಥ ಈಗ ನಿಮಗೂ ಆಗಿರಬೇಕು. ಪ್ಯಾಮ್ ಎಷ್ಟು ಉಪಯೋಗ ಎಂಬ ಬಗ್ಗೆ ವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಲಾಭವಿದೆ ಎಂದಿತು, 2009ರಲ್ಲಿ ಬಂದ ಶ್ರೀಲಂಕಾದ ಅಧ್ಯಯನ ಲಾಭ ಕಾಣಲಿಲ್ಲ ಎಂದಿತು. ಅದನ್ನು ವೈದ್ಯರಿಗೆ ಬಿಡೋಣ. ಮಜ್ಜಿಗೆ ಕುಡಿಸಿ ಕಾಯುವುದು ತಪ್ಪು ಎಂಬ ಬಗ್ಗೆ ಮಾತ್ರ ಎರಡು ಅಭಿಪ್ರಾಯಗಳಿಲ್ಲ.

ಭಾಷೆಯ ಶಿಕ್ಷಕಿಯಾಗಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಈ ವಿಷವನ್ನು ಉರ್ದುವಿನಲ್ಲಿ 'ದವಾ' ಎನ್ನುತ್ತೇವೆ, ಕನ್ನಡದಲ್ಲಿ 'ಔಷಧ' ಎನ್ನುತ್ತೇವೆ, ಹೊಲದಲ್ಲಿ 'ಎಣ್ಣಿ' ಎನ್ನುತ್ತೇವೆ. ಮಗು ಕೇಳುವುದು ಜ್ವರಕ್ಕೆ ಕುಡಿಯುವ ದವಾ, ಒಗ್ಗರಣೆಗೆ ಹಾಕುವ ಎಣ್ಣಿ. ಒಂದೇ ಹೆಸರಿಗೆ ಎರಡು ವಸ್ತು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೋಕ್ರೋಟೋಫಾಸ್ ಇತ್ತೆಂದು ಪರೀಕ್ಷೆಯಿಂದ ತಿಳಿಯಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮದೂ ಹತ್ತಿಯ ನೆಲ. ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ, ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೆ ನೀರು ತಂದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿದವು, ಪಂಪುಗಳೂ ಹೆಚ್ಚಿದವು. ಕೇಂದ್ರ ಸರ್ಕಾರ 2023ರಲ್ಲಿ ಮೊನೋಕ್ರೋಟೋಫಾಸ್‌ನ ಶೇ. 36ರ ದ್ರಾವಣವನ್ನು ನಿಷೇಧಿಸುವ ಆದೇಶ ಹೊರಡಿಸಿತು, ಹಳೆಯ ದಾಸ್ತಾನಿಗೆ ಕಾಲಾವಕಾಶ ಕೊಟ್ಟಿತು. ಆದರೆ ಅದೇ ಗುಂಪಿನ ಬೇರೆ ಹೆಸರಿನವು ಇವೆ. ಮಾಡಿನಲ್ಲಿ, ಮಂಚದ ಕೆಳಗೆ ಉಳಿದ ಅರ್ಧ ಬಾಟಲಿಗಳೂ ಇರಬಹುದು.

ಆದ್ದರಿಂದ ದಯವಿಟ್ಟು ಇಷ್ಟನ್ನು ನೆನಪಿಡಿ. ಬಾಟಲಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೂ ವಿಷವೇ. ವಿಷದ ಡಬ್ಬಿಯನ್ನು ಎಷ್ಟೇ ತೊಳೆದರೂ ಅಡುಗೆಮನೆಗೆ ತರಬೇಡಿ. ಬಾಟಲಿಗೆ ಕೀಲಿ ಹಾಕಿ ಇಡಿ. ಸಾಲದ ದುಃಖವೋ ಮನೆಯ ಸಿಟ್ಟೋ ಇಳಿಯುವವರೆಗೆ ಆ ಕೀಲಿ ಒಂದು ಜೀವವನ್ನು ಕಾಯಬಲ್ಲದು. ಸಿಂಪಡಿಸಿದವರಿಗೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಹೊಲದಿಂದ ಈಚೆ ತನ್ನಿ. ಬಟ್ಟೆ ಬಿಚ್ಚಿ ತಲೆಗೂದಲು, ಉಗುರು ಸಹಿತ ಸಾಬೂನು ನೀರಿನಲ್ಲಿ ತೊಳೆಯಿರಿ. ನಿಮ್ಮ ಕೈಗೂ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿ. ಸಾಬೂನು ಮುಖ್ಯವಾಗಿ ವಿಷವನ್ನು ಚರ್ಮದಿಂದ ಎತ್ತಿ ಹಾಕುತ್ತದೆ, ಅದರ ಕ್ಷಾರ ನಿಧಾನವಾಗಿ ವಿಷವನ್ನು ಒಡೆಯಲೂಬಲ್ಲದು. ಅದೂ ಆದೇಶನವೇ. ಉಪ್ಪುನೀರು, ಹಾಲು, ಎಣ್ಣೆ ಕುಡಿಸಿ ವಾಂತಿ ಮಾಡಿಸಬೇಡಿ. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಬಾಟಲಿಯನ್ನು, ಇಲ್ಲವೇ ಅದರ ಚೀಟಿಯನ್ನು, ಜೊತೆಗೆ ಒಯ್ಯಿರಿ.

ಕೊನೆಯದಾಗಿ ಶಿಕ್ಷಕರಿಗೆ, ಪಾಲಕರಿಗೆ ಒಂದು ವಿನಂತಿ. ವಿಜ್ಞಾನ ನಮ್ಮ ಭಾಷೆಗೆ ಒಗ್ಗದು ಎನ್ನುವವರಿದ್ದಾರೆ. ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ಅದಕ್ಕಾಗಿ ಪುಸ್ತಕ ಅನುವಾದಿಸಲು ಹಿಂದಿನ ವರ್ಷವೇ ದಾರುಲ್ ತರ್ಜುಮಾ ಎಂಬ ಸಂಸ್ಥೆ ಹುಟ್ಟಿತ್ತು. ಅತ್ತ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಅದೇ 1918ರಲ್ಲಿ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರತಂದರು. ನಮ್ಮ ಎರಡೂ ಭಾಷೆಗಳಿಗೆ ನೂರು ವರ್ಷದ ಅಭ್ಯಾಸವಿದೆ. ಮಕ್ಕಳು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಲಿ, ಬೇಡವೆನ್ನುವುದಿಲ್ಲ. ಆದರೆ ಒಮ್ಮೆಯಾದರೂ ಮನೆಯ ಮಾತಿನಲ್ಲಿ ಅರ್ಥ ಮಾಡಿಕೊಂಡು ಬರೆಯಲಿ.

ನಮ್ಮ ಹುಡುಗಿ ಆ ಭಾನುವಾರ ಮನೆಗೆ ಬಂದವಳೇ ಹಿತ್ತಲಿನ ಮಾಡಿನಲ್ಲಿದ್ದ ಎರಡು ಬಾಟಲಿಗಳನ್ನು ತೆಗೆದು, ಚೀಟಿ ಓದಿ, ಹೆಸರುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಳು. ಒಂದರ ಮುಂದೆ 'ಮೀಥೈಲ್, 3.7', ಇನ್ನೊಂದರ ಮುಂದೆ 'ಈಥೈಲ್, 33'. ಆ ಪುಟವನ್ನು ಹರಿದು ಅಬ್ಬಾನ ಪಂಪು ನೇತುಹಾಕುವ ಮೊಳೆಯ ಪಕ್ಕ ಗೋಡೆಗೆ ಅಂಟಿಸಿದಳು. ಕೆಳಗೆ ಉರ್ದುವಿನಲ್ಲೂ ಕನ್ನಡದಲ್ಲೂ ದೊಡ್ಡ ಅಕ್ಷರದಲ್ಲಿ ಒಂದೇ ಪದ ಬರೆದಿದ್ದಳು: ವಿಷ.

ನೀವು ಈ ಪುಟ ಮಡಿಚಿಟ್ಟ ಮೇಲೆ ನಿಮ್ಮ ಮನೆಯ ಮಾಡನ್ನೂ ಒಮ್ಮೆ ನೋಡಿ.